ಅಪ್ಪ ಉಪ್ಪಿನಕಾಯಿ ಕೇಳಿದ ಶುಕ್ರವಾರ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಕ್ಕಿಂತ ಮೊದಲು ವಾರ ಕೇಳುತ್ತಾರೆ. ಹುಡುಗಿಗೆ ಯಾವ ವಾರ, ಹುಡುಗನಿಗೆ ಯಾವ ವಾರ. ಎರಡೂ ಒಂದೇ ಆದರೆ ಉಪ್ಪಿಟ್ಟು ಕಾಫಿ ಮುಗಿಸಿ, ‘ಹೋಗಿ ತಿಳಿಸ್ತೀವಿ’ ಎಂದು ಎದ್ದುಬಿಡುತ್ತಾರೆ. ಯಾಕೆಂದರೆ ಇಲ್ಲಿ ಪ್ರತಿಯೊಬ್ಬರಿಗೂ ವಾರಕ್ಕೊಂದು ದಿನ ಕೈರಜೆ. ಆ ದಿನ ಹೊತ್ತು ಹುಟ್ಟಿದಾಗಿನಿಂದ ದೀಪ ಹಚ್ಚುವವರೆಗೆ ಮೊಣಕೈಯಿಂದ ಕೆಳಗೆ ಎರಡೂ ಕೈ ಏನೂ ಮಾಡುವುದಿಲ್ಲ. ನೋವಿಲ್ಲ, ಜೋಮಿಲ್ಲ, ಒಗೆದು ಹರವಿದ ಟವೆಲಿನ ಹಾಗೆ ಸುಮ್ಮನೆ ತೂಗುತ್ತಿರುತ್ತವೆ. ಹಾಲುಹಲ್ಲು ಬಿದ್ದ ವರ್ಷ ಮಕ್ಕಳಿಗೆ ತಮ್ಮ ವಾರ ಯಾವುದೆಂದು ಗೊತ್ತಾಗುತ್ತದೆ. ನನ್ನದು ಮಂಗಳವಾರ.

ಊರು ಇದಕ್ಕೆ ಹೊಂದಿಕೊಂಡು ಎಷ್ಟೋ ತಲೆಮಾರಾಗಿದೆ. ಬಾಗಿಲ ಚಿಲಕ ಕೆಳಗಿರುತ್ತದೆ, ಕಾಲಿನಿಂದ ತಳ್ಳಿದರೆ ಸರಿಯುತ್ತದೆ. ನಲ್ಲಿಯನ್ನು ಮಂಡಿಯಿಂದ ಒತ್ತಬೇಕು. ಪರೀಕ್ಷೆಯ ವೇಳಾಪಟ್ಟಿ ಬಂದ ದಿನ ಮಕ್ಕಳು ಮೊದಲು ನೋಡುವುದು ಗಣಿತ ತಮ್ಮ ವಾರಕ್ಕೆ ಬಿದ್ದಿದೆಯೇ ಎಂದು. ಬಿದ್ದರೆ ಉತ್ತರವನ್ನು ಬಾಯಲ್ಲಿ ಹೇಳಬೇಕು, ಪಕ್ಕದವರದ್ದು ನೋಡಿ ಬರೆಯುವ ದಾರಿ ಮುಚ್ಚಿತು. ಜಗಳಗಂಟರ ಕೈರಜೆ ಯಾವತ್ತೆಂದು ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ, ಅವರಿಗೆ ಬುದ್ಧಿ ಹೇಳಬೇಕಾದರೆ ಅವತ್ತೇ ಹೋಗುತ್ತಾರೆ.

ಕೈರಜೆಯ ದಿನ ಬೇರೊಬ್ಬರು ಉಣಿಸಬೇಕು. ಅದಕ್ಕೂ ಒಂದು ಮರ್ಯಾದೆಯಿದೆ. ಉಣ್ಣುವವರು ಇದು ಬೇಕು ಅದು ಬೇಡ ಎನ್ನಬಾರದು, ಕೊಟ್ಟದ್ದನ್ನು ಕೊಟ್ಟ ಕ್ರಮದಲ್ಲಿ ಉಣ್ಣಬೇಕು. ಎಲ್ಲಕ್ಕಿಂತ ಮುಖ್ಯ, ತುತ್ತು ಕೆಳತುಟಿಗೆ ತಾಗುವ ತನಕ ಬಾಯಿ ತೆರೆಯಬಾರದು. ಮೊದಲೇ ತೆರೆದರೆ ಉಣಿಸುವವರಿಗೆ ಅವಸರ ಮಾಡಿದಂತೆ. ‘ಹಕ್ಕಿಮರಿ ಹಾಗೆ ಬಾಯಿ ತೆಗೀಬೇಡ’ ಎಂದು ಬೈಸಿಕೊಳ್ಳದೆ ದೊಡ್ಡವರಾದ ಮಕ್ಕಳು ನಮ್ಮೂರಿನಲ್ಲಿಲ್ಲ. ತಟ್ಟೆಗೇ ಬಾಯಿ ಹಾಕುವುದಂತೂ ದನದ ಕೆಲಸ. ಊಟ ತನ್ನಿಚ್ಛೆ ನೋಟ ಪರರಿಚ್ಛೆ ಎಂಬ ಗಾದೆ ನಮ್ಮಲ್ಲೂ ಇದೆ, ಆದರೆ ವಾರಕ್ಕೆ ಆರು ದಿನ ಮಾತ್ರ ನಡೆಯುತ್ತದೆ.

ಇಂಥ ಊರಿನಲ್ಲಿ ನನ್ನ ಅಪ್ಪ ಅಮ್ಮ ಪ್ರೀತಿಸಿ ಮದುವೆಯಾದರು. ಇಬ್ಬರದೂ ಶುಕ್ರವಾರ. ತಾತ ಧಾರೆಗೇ ಬರಲಿಲ್ಲವಂತೆ. ‘ಶುಕ್ರವಾರ ಬಂದ್ರೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಹೊಟ್ಟೆ ತುಂಬಿಸ್ಕೊಳ್ಳಿ’ ಎಂದು ಹೇಳಿ ಪೇಟೆಗೆ ಹೊರಟುಹೋದರಂತೆ. ಅಜ್ಜಿ ಮಾತ್ರ ಸೆರಗು ಸಿಕ್ಕಿಸಿಕೊಂಡು, ನಾನಿದ್ದೀನಲ್ಲ ಎಂದಳು. ಅವಳಿರುವ ತನಕ ಅವಳೇ ಇಬ್ಬರಿಗೂ ಉಣಿಸಿದಳು. ಅವಳು ಹೋದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಆಗ ನಾನು ಹೈಸ್ಕೂಲಿನಲ್ಲಿದ್ದೆ.

ನೆರೆಯವರು ಯಾಕೆ ಉಣಿಸಬಾರದು ಎಂದು ಕೇಳಬಹುದು. ಮಕ್ಕಳಿಲ್ಲದವರಿಗೆ ನೆರೆಯವರು ಉಣಿಸುತ್ತಾರೆ. ಮನೆಯಲ್ಲಿ ಮಗಳಿದ್ದೂ ಬೇರೆಯವರ ಕೈಯಲ್ಲಿ ಉಂಡರೆ, ಮಗಳು ಸರಿಯಿಲ್ಲ ಎಂದು ಊರಿಗೆಲ್ಲ ಡಂಗುರ ಹೊಡೆದಂತೆ. ಹೀಗಾಗಿ ಶುಕ್ರವಾರ ಹೊರಡುವ ಯಾವ ಪ್ರವಾಸದಲ್ಲೂ ನಾನಿಲ್ಲ, ಶುಕ್ರವಾರ ನಡೆದ ಯಾವ ಗೆಳತಿಯ ಮದುವೆಯಲ್ಲೂ ನಾನು ಊಟದ ಪಂಕ್ತಿಗೆ ಕೂತವಳಲ್ಲ. ಇದನ್ನು ತ್ಯಾಗ ಎಂದು ಹೇಳಿಕೊಳ್ಳುವಷ್ಟು ಒಳ್ಳೆಯವಳೇನಲ್ಲ ನಾನು. ಒಳಗೊಳಗೇ ಗೊಣಗುತ್ತಿದ್ದೆ. ಹೊರಗೆ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ.

ಓದಿದ್ದು ಎಲೆಕ್ಟ್ರಾನಿಕ್ಸ್. ಓದು ಮುಗಿದ ಮೇಲೆ ನೀರಿನ ಮೀಟರು ಮಾಡುವ ಕಾರ್ಖಾನೆಯಲ್ಲಿ ಹಾರ್ಡ್‌ವೇರ್ ಇಂಜಿನಿಯರ್ ಆಗಿ ಸೇರಿದ್ದೆ. ಅಲ್ಲಿ ಬೋರ್ಡಿಗೆ ಬೆಸುಗೆ ಹಾಕುವುದರಿಂದ ಹಿಡಿದು ಡಬ್ಬಿಯ ಮುಚ್ಚಳ ಕೂರಿಸುವವರೆಗೆ ಎಲ್ಲ ಕಲಿತೆ. ವಾರಕ್ಕೆ ನನ್ನದೊಂದು ಕೈರಜೆ, ಅಪ್ಪ ಅಮ್ಮನದೊಂದು, ಎರಡು ದಿನ ರಜೆ ಹಾಕುತ್ತಿದ್ದೆನೆಂದು ಮ್ಯಾನೇಜರು ಮುಖ ಸಿಂಡರಿಸುತ್ತಿದ್ದರು. ಆ ಕಾರ್ಖಾನೆ ಬೇರೆ ಊರಿಗೆ ಎತ್ತಂಗಡಿಯಾದಾಗ ನಾನು ಕೆಲಸ ಹುಡುಕಿಕೊಂಡು ಹೊರಟೆ. ಒಂದೂ ಸಿಗುವುದಿಲ್ಲವೆಂದು ಹೆದರಿದ್ದವಳಿಗೆ ಎರಡು ಸಿಕ್ಕವು. ಹೆದರಿಕೆ ಹೋಗಿ ಪೀಕಲಾಟ ಶುರುವಾಯಿತು.

ಮೊದಲನೆಯದು ಕೆರೆ ಏರಿಯ ಆಚೆಗಿರುವ ರೋಬೋಟಿಕ್ಸ್ ಕಂಪನಿ. ಅದರ ಯಜಮಾನರು ಗುಣಪಾಲ ಸರ್. ದೊಡ್ಡ ಮೀಸೆ, ಮೆಲು ಮಾತು. ಕೈರಜೆಯವರಿಗೆ ಉಣಿಸುವ ಯಂತ್ರದ ತೋಳನ್ನು ಅವರು ಮಾಡುತ್ತಿದ್ದರು. ಸಂದರ್ಶನದ ದಿನ ಆ ತೋಳು ಕಾವಲಿಯ ಮೇಲಿನ ದೋಸೆಯನ್ನು ಹರಿಯದ ಹಾಗೆ ಎತ್ತಿ ತಟ್ಟೆಗೆ ಹಾಕಿದ್ದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಆರು ಕೀಲು, ಆರು ಮೋಟಾರು, ಕಣ್ಣಿನ ಜಾಗದಲ್ಲಿ ಕ್ಯಾಮೆರಾ.

ಎರಡನೆಯದು ಹಳೆಯ ಟಾಕೀಸಿನ ಕಟ್ಟಡದಲ್ಲಿರುವ ಪ್ರಾಡಕ್ಟ್ ಡಿಸೈನ್ ಕಾರ್ಯಾಗಾರ. ಅದನ್ನು ನಡೆಸುವವರು ಫಿಲೋಮಿನಾ ಮೇಡಂ. ಊರಿನಲ್ಲಿ ಈಗಿರುವ ನಮೂನೆಯ ಕಾಲುಚಿಲಕ, ಮಂಡಿನಲ್ಲಿ, ಗುಂಡಿಯಿಲ್ಲದ ಅಂಗಿ, ಹೊಸದಾಗಿ ಬಂದ ಮೊಣಕೈ ಕರೆಗಂಟೆ ಎಲ್ಲ ಅವರ ಮೇಜಿನಿಂದಲೇ ಬಂದವು. ಅವರು ನನ್ನ ಅಂಕಪಟ್ಟಿ ನೋಡಲಿಲ್ಲ. ಒಂದು ಲೋಟ ಕೈಗೆ ಕೊಟ್ಟು, ‘ಇದ್ರಲ್ಲಿ ಬೇರೆಯವರಿಗೆ ನೀರು ಕುಡಿಸಿದ್ರೆ ಗದ್ದದ ಮೇಲೆ ಸುರಿಯುತ್ತೆ, ಯಾಕೆ ಅಂತ ಹೇಳಿ’ ಎಂದರು. ಲೋಟ ತಿರುಗಿಸುತ್ತ ಕೂತೆ. ಯಾರೋ ತಂದಿಟ್ಟ ಟೀ ಕೆನೆ ಕಟ್ಟಿತ್ತು, ನನಗೆ ಗೊತ್ತೇ ಆಗಿರಲಿಲ್ಲ.

ಇಬ್ಬರೂ ಸೋಮವಾರದೊಳಗೆ ಉತ್ತರ ಹೇಳು ಎಂದರು. ಇಬ್ಬರೂ ಶುಕ್ರವಾರ ಬರಲೇಬೇಕು ಎಂದರು. ಫಿಲೋಮಿನಾ ಮೇಡಂ ಅಂತೂ ಕಡ್ಡಿ ಮುರಿದ ಹಾಗೆ ಹೇಳಿದರು: “ವಾರಕ್ಕೊಂದು ಕೈರಜೆ ಎಲ್ಲರಿಗೂ ಇದೆ ಮೇದಿನಿ. ಎರಡು ಯಾರಿಗೂ ಇಲ್ಲ. ನಿಮ್ಮ ಮನೆ ಶುಕ್ರವಾರ ಹೇಗೆ ಮಾಡ್ತೀರೋ ನೋಡ್ಕೊಳ್ಳಿ.”

ಗುಣಪಾಲ ಸರ್ ಮೀಸೆ ನೀವಿಕೊಂಡು ನಕ್ಕರು. “ಅದಕ್ಕೇ ಅಲ್ವೇನಮ್ಮ ನಾವಿರೋದು? ಒಂದು ತೋಳು ಮನೆಗೆ ತಗೊಂಡ್ ಹೋಗು. ಈ ಶುಕ್ರವಾರ ಓಡಿಸಿ ನೋಡು. ಅದು ಅಲ್ಲಿ ಉಣಿಸುತ್ತೆ, ನೀನು ಇಲ್ಲಿ ಕೆಲಸ ಮಾಡು.”

ಆಮೇಲೆ ಯೋಚಿಸುವುದಕ್ಕೆ ಏನೂ ಉಳಿಯಲಿಲ್ಲ ಎಂದುಕೊಂಡೆ. ರೋಬೋಟಿಕ್ಸಿಗೆ ಸೇರಿದರೆ ನನ್ನ ಶುಕ್ರವಾರ ನನಗೆ ಸಿಗುತ್ತದೆ. ಸೇರದಿದ್ದರೆ ಕೆಲಸವೂ ಇಲ್ಲ, ಶುಕ್ರವಾರವೂ ಇಲ್ಲ. ಚಿಕ್ಕಮ್ಮ ಬಂದವಳು ವಿಷಯ ಕೇಳಿ, “ರೋಬೋಟ್ ಮಾಡ್ತಾಳೆ ಅಂದ್ರೆ ನಾಲ್ಕು ಜನ ತಿರುಗಿ ನೋಡ್ತಾರೆ. ಇಂಜಿನಿಯರಿಂಗ್ ಓದಿ ಸೌಟು ಮಾಡ್ತಾಳೆ ಅಂದ್ರೆ ಯಾರೇ ನೋಡ್ತಾರೆ?” ಎಂದು ಅದೇ ಕಡೆಗೆ ಇನ್ನೊಂದು ಕಲ್ಲು ಹಾಕಿ ತೂಕ ಹೆಚ್ಚಿಸಿದಳು. ಆ ಕೆನೆ ಕಟ್ಟಿದ ಟೀ ಮಾತ್ರ ಆಗಾಗ ನೆನಪಾಗುತ್ತಿತ್ತು. ಟೀ ನಂಬಿಕೊಂಡು ಬದುಕು ತೀರ್ಮಾನ ಮಾಡಲಾಗುತ್ತದೆಯೇ ಎಂದು ನನ್ನನ್ನೇ ಬೈದುಕೊಂಡೆ.

ಗುರುವಾರ ಸಂಜೆ ತೋಳು ಆಟೋದಲ್ಲಿ ಬಂತು. ಅಪ್ಪ ಸೈಕಲ್ ಅಂಗಡಿ ಇಟ್ಟಿರುವವರು, ಕೀಲುಗಳನ್ನು ಅಲ್ಲಾಡಿಸಿ ನೋಡಿ, “ಬೇರಿಂಗ್ ಚೆನ್ನಾಗಿದೆ” ಎಂದರು. ಅಮ್ಮ ಅದರ ಮೇಲೊಂದು ಹಳೆಯ ಸೀರೆ ಹೊದಿಸಿ, ಕಣ್ಣಿದೆಯಂತಲ್ಲ, ಅಡುಗೆಮನೆ ಕಡೆ ತಿರುಗಿಸಬೇಡ ಎಂದಳು. ನಾನು ಅದಕ್ಕೆ ಬಟ್ಟಲುಗಳ ಹೆಸರು ಕಲಿಸಿದೆ. ಸುಮ್ಮನಿದ್ದರೆ ನಾನು ಹಾಕಿಕೊಟ್ಟ ಕ್ರಮದಲ್ಲಿ ಒಂದೊಂದೇ ಬಟ್ಟಲಿನಿಂದ ಚಮಚದಲ್ಲಿ ತೆಗೆದು ಬಾಯಿಯ ಹತ್ತಿರ ತರುತ್ತದೆ. ಬಟ್ಟಲಿನ ಹೆಸರು ಹೇಳಿದರೆ ನೇರ ಅಲ್ಲಿಗೇ ಹೋಗುತ್ತದೆ. ಕ್ರಮ ಅಜ್ಜಿಯದ್ದೇ: ಮೊದಲು ಹಾಗಲಕಾಯಿ ಪಲ್ಯ, ಆಮೇಲೆ ಸಾರನ್ನ, ಕೊನೆಗೆ ಮೊಸರನ್ನದ ಜೊತೆ ಉಪ್ಪಿನಕಾಯಿ. ಕಹಿ ಮೊದಲು ಹೋದರೆ ಹೊಟ್ಟೆಗೆ ಒಳ್ಳೆಯದು ಎನ್ನುತ್ತಿದ್ದಳು. ಶುಕ್ರವಾರ ಹಾಗಲಕಾಯಿ ನಮ್ಮ ಮನೆಯಲ್ಲಿ ತಪ್ಪಿದ್ದೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಅಪ್ಪ ಅಮ್ಮನನ್ನು ಪಕ್ಕಪಕ್ಕ ಕೂರಿಸಿ, ಕೈಗಳನ್ನು ತೊಡೆಯ ಮೇಲೆ ಎತ್ತಿಟ್ಟು, ತೋಳನ್ನು ಮುಂದೆ ನಿಲ್ಲಿಸಿದೆ. ನಾನು ಕೆಲಸಕ್ಕೆ ಹೋಗಿದ್ದೇನೆ ಎಂದುಕೊಳ್ಳಿ ಎಂದು ಹೇಳಿ ಅಡುಗೆಮನೆಗೆ ಹೋಗಿ ಪರದೆಯ ಸಂದಿನಿಂದ ಇಣುಕಿದೆ. ಇದು ಆಗಿಬಿಟ್ಟರೆ ಬದುಕಿಡೀ ಬಿಡುಗಡೆ.

ತೋಳು ಎದ್ದಿತು. ಪಲ್ಯದ ಬಟ್ಟಲಿಗೆ ಬಾಗಿ, ಒಂದು ಚಮಚ ತೆಗೆದು, ಅಪ್ಪನ ಬಾಯಿಯ ಮುಂದೆ ಎರಡು ಬೆರಳಿನಷ್ಟು ದೂರದಲ್ಲಿ ನಿಂತಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಯಿ ಮುಚ್ಚಿಕೊಂಡು, ಚಮಚ ತುಟಿಗೆ ತಾಗಲಿ ಎಂದು ಕಾದರು. ತೋಳು ಅಪ್ಪನ ಬಾಯಿ ತೆರೆಯಲಿ ಎಂದು ಕಾಯಿತು. ಬಾಯಿ ತೆರೆದದ್ದನ್ನು ಕ್ಯಾಮೆರಾ ಕಂಡರೆ ಮಾತ್ರ ಅದು ಮುಂದೆ ಬರುತ್ತದೆ, ಇಲ್ಲದಿದ್ದರೆ ಮೂಗಿಗೋ ಗದ್ದಕ್ಕೋ ತಿವಿದೀತೆಂದು ಹಾಗೆ ಮಾಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ಅದು ಚಮಚವನ್ನು ಅಮ್ಮನ ಕಡೆ ತಿರುಗಿಸಿತು. ಅಮ್ಮ ಕಣ್ಣು ಕೆಳಗೆ ಮಾಡಿಕೊಂಡು ಇನ್ನೂ ಬಿಗಿಯಾಗಿ ತುಟಿ ಮುಚ್ಚಿದಳು. ಮತ್ತೆ ಅಪ್ಪನ ಕಡೆ, ಮತ್ತೆ ಅಮ್ಮನ ಕಡೆ. ಪಲ್ಯದ ಒಗ್ಗರಣೆಯ ಎಣ್ಣೆ ಅಪ್ಪನ ಪಂಚೆಯ ಮೇಲೆ ತೊಟ್ಟಿಕ್ಕಿತು.

ನನಗೆ ತಡೆಯಲಾಗಲಿಲ್ಲ. ಪರದೆ ಸರಿಸಿಕೊಂಡು ಹೊರಗೆ ಬಂದೆ. “ಅಪ್ಪ, ಬಾಯಿ ತೆಗೀರಿ!”

“ತುತ್ತು ತಾಗಲೇ ಇಲ್ವಲ್ಲಮ್ಮ.”

“ಅದು ತಾಗಿಸಲ್ಲ. ನೀವು ಮೊದಲು ತೆಗೀಬೇಕು, ಆಮೇಲೆ ಅದು ಬರುತ್ತೆ.”

“ಮೊದಲೇ ತೆಗೆಯೋಕೆ ನಾನೇನು ಹಕ್ಕಿಮರೀನಾ?” ಅಪ್ಪನಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ನಾನು ತಲೆ ಮೇಲೆ ಕೈ ಹೊತ್ತು ನಿಂತೆ. ಕಂಪನಿಯಲ್ಲಿ ಇದನ್ನು ಪರೀಕ್ಷೆ ಮಾಡಿದವರೆಲ್ಲ ಕೈ ಸರಿಯಿದ್ದ ದಿನ, ಕೆಲಸದ ಗಡಿಬಿಡಿಯಲ್ಲಿ, ‘ಆ’ ಎಂದು ಬಾಯಿ ತೆರೆದುಕೊಂಡು ಕೂತವರು. ಅವರಿಗೂ ಈ ಊರಿನ ಮರ್ಯಾದೆ ಗೊತ್ತು, ನನಗೂ ಗೊತ್ತು. ಆದರೂ ಯಂತ್ರದ ಮುಂದೆಯೂ ಒಬ್ಬರು ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡು ಕೂರುತ್ತಾರೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ನಾನು ಅಪ್ಪನ ಮುಂದೆ ಮಂಡಿಯೂರಿ ಕೂತೆ. “ಅಪ್ಪ, ಇದು ಕಬ್ಬಿಣ. ಇದಕ್ಕೆ ಅವಸರ ಮಾಡಿದ್ರೂ ಬೇಜಾರಿಲ್ಲ, ಬೈದ್ರೂ ಬೇಜಾರಿಲ್ಲ. ಇಂಥದ್ದೇ ಬೇಕು ಅಂತ ಹೆಸರು ಹೇಳಿ ಕೇಳಿದ್ರೂ ಬೇಜಾರಿಲ್ಲ.”

“ಕೇಳಬಹುದಾ?”

“ಕೇಳಬಹುದು. ಕೇಳೋಕೇ ಮಾಡಿರೋದು.”

ಅಪ್ಪ ತೋಳನ್ನೊಮ್ಮೆ ನೋಡಿದರು. ಒಮ್ಮೆ ಅಮ್ಮನ ಕಡೆ, ಒಮ್ಮೆ ಬೀದಿ ಬಾಗಿಲ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ, “ಉಪ್ಪಿನಕಾಯಿ” ಎಂದರು.

ತೋಳು ಪಲ್ಯವನ್ನು ವಾಪಸ್ ಸುರಿದು, ಉಪ್ಪಿನಕಾಯಿ ಬಟ್ಟಲಿಗೆ ಹೋಗಿ, ಒಂದು ಮಿಡಿ ಎತ್ತಿ ತಂದಿತು. ಅಪ್ಪ ಬಾಯಿ ತೆರೆದರು. ಚಪ್ಪರಿಸಿದರು. ಅವರ ಕಣ್ಣಿನಲ್ಲಿ ನೀರು ಬಂತು, ಖಾರಕ್ಕೋ ಏನೋ ನನಗೆ ತಿಳಿಯಲಿಲ್ಲ.

“ಏನ್ರೀ ಇದು, ಊಟಕ್ಕೆ ಮೊದಲೇ!” ಎಂದಳು ಅಮ್ಮ.

“ಸಾರನ್ನ,” ಎಂದರು ಅಪ್ಪ. “ಉಪ್ಪಿನಕಾಯಿ. ಸಾರನ್ನ. ಏಯ್, ಅಷ್ಟು ನಿಧಾನ ಏನೋ ನಿನಗೆ? ಉಪ್ಪಿನಕಾಯಿ.” ತೋಳು ಹೇಳಿದ ಹಾಗೆ ಕೇಳುತ್ತಿತ್ತು. ಅಪ್ಪನ ದನಿ ಏರುತ್ತಾ ಹೋಯಿತು. ಕೈರಜೆಯ ದಿನ ಅವರು ಊಟದ ನಡುವೆ ಮಾತಾಡಿದ್ದನ್ನೇ ನಾನು ಕೇಳಿರಲಿಲ್ಲ, ಗದರಿಸುವುದು ಎಲ್ಲಿ ಬಂತು.

“ಪಲ್ಯ ಅಪ್ಪ?” ಎಂದು ಕೇಳಿದೆ.

“ಬೇಡ.”

“ಯಾಕೆ, ಉಪ್ಪು ಜಾಸ್ತಿಯಾಗಿದ್ಯಾ?”

“ಉಪ್ಪಲ್ಲಮ್ಮ. ಹಾಗಲಕಾಯಿ ನನಗೆ ಆಗಲ್ಲ. ಮೊದಲಿಂದಲೂ ಆಗಲ್ಲ. ನಿಮ್ಮಜ್ಜಿ ಇಟ್ಟರು, ತಿಂದೆ. ನೀನು ಇಟ್ಟೆ, ತಿಂದೆ.” ಇಷ್ಟು ಹೇಳಿ ಅಪ್ಪ ತಾವೇ ಗಾಬರಿಯಾದರು. “ನಿನ್ನ ಮೇಲೆ ದೂರಲ್ಲಮ್ಮ. ಮಾತಿಗೆ ಬಂತು, ಅಷ್ಟೇ.”

ಅಷ್ಟು ಹೊತ್ತಿಗೆ ಅಮ್ಮ ಗಂಟಲು ಸರಿಮಾಡಿಕೊಂಡಳು. ಅವಳ ಬಾಯಿಗೆ ಇನ್ನೂ ಒಂದು ಅಗುಳೂ ಹೋಗಿರಲಿಲ್ಲ. “ಅವರು ಹೇಳಿದ್ಮೇಲೆ ನಾನೂ ಹೇಳಿಬಿಡ್ತೀನಿ ಮೇದಿನಿ. ನನಗೆ ಇದು ಬೇಡ. ಇದರ ಮುಂದೆ ನಾನು ಬಾಯಿ ತೆಗೆಯಲ್ಲ.”

“ಸರಿ ಅಮ್ಮ, ನಿನಗೆ ನಾನೇ ಉಣಿಸ್ತೀನಿ.”

“ಅದೂ ಬೇಡ.” ಅಮ್ಮ ನನ್ನ ಮುಖ ನೋಡಲಿಲ್ಲ. “ನೀನು ಗಡಿಯಾರ ನೋಡ್ಕೊಂಡು ತುತ್ತು ಇಡ್ತೀಯ. ನುಂಗೋಕೆ ಮುಂಚೆ ಇನ್ನೊಂದು ಬಂದಿರುತ್ತೆ. ಎದುರುಮನೆ ತೋಯಜಾಕ್ಷಮ್ಮ ಎಷ್ಟು ವರ್ಷದಿಂದ ಕರೀತಿದಾರೆ, ಶುಕ್ರವಾರ ಬನ್ನಿ, ಮಾತಾಡ್ಕೊಂಡು ಉಣ್ಣೋಣ ಅಂತ. ಅವರದ್ದು ಭಾನುವಾರ. ಅವರಿಗೆ ನಾನು ಉಣಿಸ್ತೀನಿ, ನನಗೆ ಅವರು. ಒಂಟಿ ಜೀವ, ಅವರಿಗೂ ಜೊತೆ ಬೇಕು. ನಾನೇ ಆಗಲ್ಲ ಅಂದೆ.”

“ಯಾಕೆ ಅಂದೆ?”

“ಮಗಳಿದ್ದೂ ಹೋದ್ರೆ ನಿನಗೆ ಅವಮಾನ ಅಲ್ವಾ? ನೀನು ಒಂದು ದಿನಾನೂ ಬೇಜಾರು ಮಾಡ್ಕೊಳ್ಳದೆ ಮಾಡ್ತಾ ಬಂದಿದೀಯ. ನಿನ್ನ ಮನಸ್ಸು ನೋಯಿಸೋದು ಹೇಗೆ?”

“ನಾನು ಬೇಜಾರು ಮಾಡ್ಕೊಳ್ಳಲ್ಲ ಅಂತ ನಿನಗೆ ಯಾರು ಹೇಳಿದ್ರು?” ನನ್ನ ಬಾಯಿಂದ ಅದು ಬಂದೇಬಿಟ್ಟಿತು. “ಪ್ರತಿ ಶುಕ್ರವಾರ ನನಗೆ ಅಳು ಬರುತ್ತೆ ಅಮ್ಮ. ಹೇಳಿದ್ರೆ ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ.”

ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಅಮ್ಮ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಳ್ಳಲಾಗದೆ ಭುಜಕ್ಕೆ ಕೆನ್ನೆ ಉಜ್ಜಿಕೊಂಡಳು. “ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಂದಂಗಾಯ್ತು. ರಸ್ತೆ ದಾಟಿದ್ರೆ ಮುಗಿಯೋದಕ್ಕೆ ಆರು ಮೋಟಾರು ತರಿಸಿದ್ಲು ನಿಮ್ಮ ಮಗಳು!” ಎಂದಳು. ನನಗೆ ಎಷ್ಟು ಹಗುರವಾಯಿತೆಂದರೆ ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ನಾವು ಮೂವರೂ ಒಬ್ಬರಿಗಾಗಿ ಒಬ್ಬರು ಬಾಯಿ ಮುಚ್ಚಿಕೊಂಡು ಕೂತಿದ್ದೆವು. ಅದನ್ನು ಬಿಡಿಸಲು, ಕೇಳಿದ್ದನ್ನು ಮಾತ್ರ ಕೊಡುವ ಒಂದು ಕಬ್ಬಿಣದ ತುಂಡು ಬರಬೇಕಾಯಿತು.

ಅಷ್ಟರಲ್ಲಿ ಅಪ್ಪ, “ಮೊಸರನ್ನ” ಎಂದರು. ಅವರ ಊಟ ಅವರು ಬಿಡಲಿಲ್ಲ. ಅಮ್ಮನನ್ನು ನಾನೇ ಎದುರುಮನೆಗೆ ಕರೆದುಕೊಂಡು ಹೋದೆ. ತೋಯಜಾಕ್ಷಮ್ಮ ಯಾಕೆ ಏನು ಎಂದು ಕೇಳಲಿಲ್ಲ, ಮಣೆ ಹಾಕಿ ಇನ್ನೊಂದು ತಟ್ಟೆ ತೆಗೆದರು.

ಮರುದಿನ ಶನಿವಾರ ಎದ್ದಾಗ ಮನಸ್ಸು ತಿಳಿಯಾಗಿತ್ತು. ಅದೇ ತಿಳಿಮನಸ್ಸಿನಲ್ಲಿ ಒಂದು ಯೋಚನೆ ಬಂದು ಕೂತಿತು. ಶುಕ್ರವಾರದ ಗಂಟು ಬಿಚ್ಚಿಹೋಯಿತು. ಇನ್ನು ಬಿಡುಗಡೆಗಾಗಿ ರೋಬೋಟಿಕ್ಸ್ ಬೇಕಾಗಿಲ್ಲ. ಹಾಗಾದರೆ ನನಗೆ ಬೇಕಾದದ್ದು ಯಾವುದು? ಇಷ್ಟು ದಿನ ಅಗತ್ಯವೇ ನನ್ನ ಪರವಾಗಿ ಉತ್ತರ ಹೇಳುತ್ತಿತ್ತು, ಅದು ಬಾಯಿ ಮುಚ್ಚಿದ ಮೇಲೆ ನಾನೇ ಹೇಳಬೇಕಾಯಿತು. ಸ್ವಲ್ಪ ದಿಗಿಲೂ ಆಯಿತು.

ಗುಣಪಾಲ ಸರ್‌ಗೆ ತೋಳಿನ ತೊಂದರೆಯನ್ನಾದರೂ ಸರಿಮಾಡಿ ಕೊಡೋಣವೆಂದು ಕೂತೆ. ಮಾಡಬೇಕಾದದ್ದು ಸ್ಪಷ್ಟವಿತ್ತು. ಚಮಚಕ್ಕೆ ಒತ್ತಡ ತಿಳಿಯುವ ಸೆನ್ಸರ್ ಕೂರಿಸಿ, ತುಟಿಗೆ ಮೆಲ್ಲಗೆ ತಾಗಿದ ಮೇಲೆ ನಿಲ್ಲುವ ಹಾಗೆ ಪ್ರೋಗ್ರಾಂ ಬದಲಿಸಬೇಕು. ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೆ. ಆದರೆ ನಿನ್ನೆ ಚಮಚದ ಅಂಚು ಅಪ್ಪನ ಮೀಸೆಗೆ ತಗುಲಿ ಉಪ್ಪಿನಕಾಯಿಯ ರಸ ಮೆತ್ತಿಕೊಂಡದ್ದು ಕಣ್ಣ ಮುಂದೆಯೇ ಇತ್ತು. ಮೊದಲು ಅದನ್ನು ನೋಡೋಣವೆಂದು ಚಮಚ ಬಿಚ್ಚಿದೆ. 

ಅದರ ಅಂಚು ದಪ್ಪವಾಗಿತ್ತು. ಅಪ್ಪನ ಅಂಗಡಿಯ ಅರ ತಂದು ಉಜ್ಜಿದೆ. ನನ್ನ ತುಟಿಗೆ ಇಟ್ಟು ನೋಡಿದೆ, ಚೂಪಾಯಿತು. ಇನ್ನೊಂದು ಚಮಚ ತಂದು ಅಂಚನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದೆ. ಈಗ ತುಟಿಗೆ ಹಿತವಾಗಿತ್ತು, ಆದರೆ ಸಾರು ಚೆಲ್ಲುತ್ತಿತ್ತು. ಮೂರನೆಯದರ ಗುಳಿಯನ್ನು ಮರದ ಸುತ್ತಿಗೆಯಿಂದ ಬಡಿದು ಆಳ ಮಾಡಿದೆ. ಅಮ್ಮ ಬಂದು, “ಮನೇಲಿರೋ ಚಮಚ ಎಲ್ಲ ಹಾಳು ಮಾಡ್ತೀಯಾ?” ಎಂದು ಬೈದು, ಆಮೇಲೆ ತಾನೂ ಒಂದನ್ನು ತುಟಿಗೆ ಒತ್ತಿ ನೋಡಿ, “ಇದು ತಣ್ಣಗೆ ಕೊರೆಯುತ್ತೆ. ಬೆರಳಾದ್ರೆ ಬೆಚ್ಚಗಿರುತ್ತೆ” ಎಂದಳು. ಅದು ನನಗೆ ಹೊಳೆದೇ ಇರಲಿಲ್ಲ. ಮರದ ಚಮಚ ಹುಡುಕಿಕೊಂಡು ಅಟ್ಟ ಹತ್ತಿದೆ.

ಅಪ್ಪ ಅಂಗಡಿಯಿಂದ ಊಟಕ್ಕೆ ಬಂದಾಗ ನಾನು ಮರದ ಹೊಟ್ಟಿನ ನಡುವೆ ಕೂತಿದ್ದೆ. ತೋಳು ಮೂಲೆಯಲ್ಲಿ ಸೀರೆ ಹೊದ್ದುಕೊಂಡೇ ನಿಂತಿತ್ತು. ಲ್ಯಾಪ್‌ಟಾಪಿನ ಪರದೆ ಯಾವಾಗಲೋ ಕಪ್ಪಾಗಿತ್ತು.

“ಏನಾಯ್ತಮ್ಮ, ಪ್ರೋಗ್ರಾಂ ಬರೆದ್ಯಾ?” ಎಂದರು.

“ಇಲ್ಲಪ್ಪ, ಇನ್ನೂ ಶುರು ಮಾಡಿಲ್ಲ.”

“ಬೆಳಗ್ಗೆ ನಾನು ಹೋಗುವಾಗಲೂ ಚಮಚ ಹಿಡ್ಕೊಂಡಿದ್ದೆ, ಈಗಲೂ ಚಮಚಾನೇ ಹಿಡ್ಕೊಂಡಿದೀಯ.” ಅಪ್ಪ ಕಾಲು ತೊಳೆದು ಬಂದು ನನ್ನ ಪಕ್ಕ ಕೂತರು. “ಅಂಗಡೀಲಿ ನಾನು ಇಬ್ಬರು ಹುಡುಗರನ್ನ ಕೆಲಸಕ್ಕೆ ಇಟ್ಕೊಂಡಿದ್ದೆ, ನೆನಪಿದ್ಯಾ? ಒಬ್ಬನಿಗೆ ಚಕ್ರ ತಿರುಗಿದ್ರೆ ಸಾಕು. ಇನ್ನೊಬ್ಬ ಸೀಟು ಸರಿ ಕೂರೋ ತನಕ ಸೈಕಲ್ ಬಿಟ್ಟು ಏಳ್ತಿರಲಿಲ್ಲ. ಇಬ್ಬರೂ ಒಳ್ಳೆ ಕೆಲಸಗಾರರೇ. ಆದರೆ ಇವನ ಕೆಲಸ ಅವನಿಗೆ ಕೊಟ್ಟಿದ್ರೆ ಇಬ್ಬರೂ ಓಡಿಹೋಗ್ತಿದ್ರು.”

“ಆದರೆ ಅಪ್ಪ, ರೋಬೋಟ್ ಅಂದ್ರೆ...” ನನಗೆ ಹೇಳಲು ನಾಚಿಕೆಯಾಯಿತು. “ಇಷ್ಟು ಓದಿ ಚಮಚ ಮಾಡೋದು ಸಣ್ಣ ಕೆಲಸ ಅನ್ಸಲ್ವಾ?”

“ಯಾರಿಗೆ? ನಿಮ್ಮ ಚಿಕ್ಕಮ್ಮನಿಗಾ? ಅವಳ ಬಾಯಿಗೆ ಹೋಗೋ ಚಮಚ ಅಲ್ಲವಲ್ಲ ಅದು.” ಅಪ್ಪ ನನ್ನ ಕೈಯಿಂದ ಮರದ ಚಮಚ ತೆಗೆದುಕೊಂಡು ತುಟಿಗೆ ಇಟ್ಟುಕೊಂಡರು. ಒಮ್ಮೆ ಮೀಸೆ ಮುಟ್ಟಿ ನೋಡಿಕೊಂಡರು. “ಮೀಸೆಗೆ ತಾಗಲ್ಲ,” ಎಂದರು. ಅಷ್ಟೇ ಹೇಳಿದ್ದು. ಕಾಲೇಜಿನಲ್ಲಿ ಬಹುಮಾನ ಬಂದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ. ಉತ್ತರ ಗೊತ್ತಾಯಿತು. ಗೊತ್ತಾದ ತಕ್ಷಣ ಹಸಿವಾಯಿತು.

ಸೋಮವಾರ ಮೊದಲು ಗುಣಪಾಲ ಸರ್ ಹತ್ತಿರ ಹೋದೆ. ಬಾಯಿ ಮುಚ್ಚಿದ ಕತೆ ಕೇಳಿ ಅವರು ಕುರ್ಚಿಯಿಂದ ಜಾರುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, “ನಾವೆಲ್ಲ ಇದೇ ಊರಲ್ಲಿ ಹುಟ್ಟಿ ಬೆಳೆದೋರು. ಎಂಥ ದಡ್ಡರು ನಾವು” ಎಂದರು. ನಾನು ಕೆಲಸಕ್ಕೆ ಬರುವುದಿಲ್ಲ ಎಂದಾಗ ಅವರ ಮುಖ ಬಾಡಿತು. ನನಗೂ ಕಷ್ಟವಾಯಿತು, ಆ ದೋಸೆ ಎತ್ತಿದ ತೋಳು ಅಲ್ಲೇ ಮೂಲೆಯಲ್ಲಿತ್ತು. ಸೆನ್ಸರ್ ಎಲ್ಲಿ ಕೂರಬೇಕು ಎಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ಸಮಾಧಾನ ಮಾಡಿಕೊಂಡು, “ಹೋಗಲಿ, ತೋಳು ಯಾವಾಗ ವಾಪಸ್ ಕಳಿಸ್ತೀಯಮ್ಮ?” ಎಂದರು.

“ಅಪ್ಪ ಕೊಡಲ್ಲ ಅಂತಿದಾರೆ ಸರ್. ಮನೇಲಿ ಅವರ ಮಾತು ಕೇಳೋದು ಅದೊಂದೇ ಅಂತೆ.”

“ಇರಲಿ ಬಿಡು. ನಿಮ್ಮಪ್ಪ ಬೈದಿದ್ದನ್ನೆಲ್ಲ ನಮಗೆ ಬಂದು ಹೇಳ್ಲಿ, ನಾವು ಸರಿ ಮಾಡ್ತೀವಿ,” ಎಂದು ಮತ್ತೆ ನಕ್ಕರು. ಕೆರೆ ಏರಿಯ ಮೇಲೆ ವಾಪಸ್ ಬರುವಾಗ ಹಿಂದೆ ಏನೋ ಬಿಟ್ಟುಬಂದೆ ಅನ್ನಿಸಲಿಲ್ಲ.

ಟಾಕೀಸಿನಲ್ಲಿ ಫಿಲೋಮಿನಾ ಮೇಡಂ ಯಾವುದೋ ಚಪ್ಪಲಿಯ ಪಟ್ಟಿ ಎಳೆದು ನೋಡುತ್ತಿದ್ದರು. ತಲೆ ಎತ್ತದೆ, “ಶುಕ್ರವಾರ?” ಎಂದು ಕೇಳಿದರು. ಬರುತ್ತೇನೆ ಎಂದೆ. “ಕೂತ್ಕೊಳ್ಳಿ ಹಾಗಾದ್ರೆ. ಆ ಲೋಟ ಅಲ್ಲೇ ಇದೆ,” ಎಂದರು.

ಆ ವಾರದ ಶುಕ್ರವಾರ ಮಧ್ಯಾಹ್ನ ಅರ ಹಿಡಿದು ಲೋಟದ ಅಂಚು ತೀಡುತ್ತಿದ್ದವಳು, ಊಟದ ಹೊತ್ತಾದ ಕೂಡಲೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗೇಟಿನವರೆಗೂ ನಡೆದುಬಿಟ್ಟಿದ್ದೆ. ಕಾಲಿಗೆ ಇನ್ನೂ ಸುದ್ದಿ ತಲುಪಿರಲಿಲ್ಲ. ಗೇಟಿನ ಹತ್ತಿರ ನಿಂತು, ಈಗ ಅಮ್ಮ ತೋಯಜಾಕ್ಷಮ್ಮನ ಮನೆಯಲ್ಲಿ ಊರಿನ ಸುದ್ದಿಯೆಲ್ಲ ಅಗಿಯುತ್ತಿರುತ್ತಾಳೆ, ಅಪ್ಪ ತೋಳಿಗೆ ಬೈಯುತ್ತಿರುತ್ತಾರೆ ಎಂದು ನೆನೆದು ಒಬ್ಬಳೇ ನಕ್ಕೆ. ಹಿಂದಿನಿಂದ ಮೇಡಂ ಕೂಗಿದರು: “ಎಲ್ಲಿಗೆ ಹೊರಟ್ರಿ? ಕುಕ್ಕರ್ ಇಳಿಸಿ ಆಯ್ತು, ತಟ್ಟೆ ತಗೊಳ್ಳಿ.”

ವಾಪಸ್ ಹೋಗಿ ಎಲ್ಲರ ಜೊತೆ ಬೆಂಚಿನ ಮೇಲೆ ಕೂತೆ. ಯಾರೋ ಕುಕ್ಕರಿನಿಂದ ನನ್ನ ತಟ್ಟೆಗೆ ಎರಡು ಸೌಟು ಅನ್ನ ಹಾಕಿದರು. ಶುಕ್ರವಾರಗಳಲ್ಲಿ ಇಬ್ಬರಿಗೂ ಉಣಿಸಿ, ಬಾಯಿ ಒರೆಸಿ, ನನ್ನ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಅನ್ನ ಆರಿ ಗಟ್ಟಿಯಾಗಿರುತ್ತಿತ್ತು. ಆ ಅಭ್ಯಾಸದಲ್ಲೇ ಕೈ ಹಾಕಿದೆ. ಬೆರಳು ಚುರ್ರೆಂದು ಸುಟ್ಟಿತು. ಪಕ್ಕದಲ್ಲಿದ್ದವರು, “ನಿಧಾನ, ಬಿಸಿ ಇದೆ” ಎಂದರು. “ಹೌದು,” ಎಂದೆ, “ಬಿಸಿ ಇದೆ,” ಎಂದು ಮತ್ತೆ ಹೇಳಿದೆ, ಬೆರಳಿಗೆ ಉಫ್ ಎಂದು ಊದಿ ಊಟ ಶುರು ಮಾಡಿದೆ.